ಒಣ ಹಿಪ್ಪನೇರಳೆಯ ಡಬ್ಬಿಯಲ್ಲಿದ್ದ ಮುಖ

೧೯೮೫ರ ಮಾರ್ಚ್ ತಿಂಗಳ ಮೊದಲ ಶನಿವಾರ ಸಂಜೆ, ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯ ಗಾಜಿನ ಬಾಗಿಲಿಗೆ ಬೇಸ್‌ಬಾಲ್ ಬ್ಯಾಟಿನ ಮೊದಲ ಏಟು ಬಿತ್ತು. ಗಾಜು ಬೀಳಲಿಲ್ಲ, ಮೇಲಿಂದ ಕೆಳಗೆ ಬಿರುಕು ಬಿಟ್ಟು ನಿಂತಿತು. ಎರಡನೆಯ ಏಟಿಗೆ ಬ್ಯಾಟು ಒಳಗೆ ತೂರಿತು. ಮೂರನೆಯದಕ್ಕೆ ಇಡೀ ಬಾಗಿಲು ಕಾರ್ಪೆಟ್ಟಿನ ಮೇಲೆ ಸುರಿಯಿತು. ಅದರ ಮೇಲೆ ಬೂಟುಕಾಲಿಟ್ಟು ಪಕ್ಕದ ಮನೆಯ ಕಾಕಾರ ತಂಗಿಯ ಗಂಡ ಒಳಗೆ ಬಂದ.

ಅಮ್ಮ ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಊಟದ ಮೇಜಿನ ಮೇಲೆ ಕ್ಯಾಲ್ಕುಲಸ್ ಹೋಮ್‌ವರ್ಕು ಹರಡಿಕೊಂಡಿದ್ದೆ. ಅಪ್ಪ ಚಿಪ್ ಕಾರ್ಖಾನೆಯಲ್ಲಿ ಎರಡನೆಯ ಶಿಫ್ಟಿನಲ್ಲಿದ್ದರು.

"ಖಾಲಾ, ನಿಮಗೇನೂ ಮಾಡಲ್ಲ. ಅದನ್ನ ಕೊಟ್ಟುಬಿಡಿ" ಎಂದ ಅವನು. ಖಾಲಾ ಎಂದರೆ ಚಿಕ್ಕಮ್ಮ. ಅವರ ಮನೆಯವರು ನಮ್ಮೊಡನೆ ಆಡುತ್ತಿದ್ದುದು ಪೇಶಾವರದಲ್ಲಿ ಕಲಿತ ಉರ್ದು, ನಮ್ಮ ಪಾಲಿಗೆ ಹಿಂದಿ. ನಾನು ಅಂದಂದೇ ಡೈರಿಯಲ್ಲಿ ಕನ್ನಡ ಮಾಡಿ ಬರೆದುಕೊಳ್ಳುತ್ತಿದ್ದೆ.

"ಏನ್ ಕೊಡ್ಬೇಕಂತೆ ಇವನ್ಗೆ? ಬಾಗ್ಲು ಒಡ್ಕೊಂಡು ಬರ್ತಾನಾ ಮನೆಗೆ!" ಅಮ್ಮ ಕನ್ನಡದಲ್ಲೇ ಕಿರುಚಿ, ಈಳಿಗೆಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದ್ದು ನಿಂತಳು. ಅದರ ಬಾಯಿಗೆ ಇನ್ನೂ ಅರ್ಧ ಹುರುಳಿಕಾಯಿ ಸಿಕ್ಕಿಕೊಂಡಿತ್ತು. ಅಮ್ಮನ ಎಡ ಅಂಗೈ ಗಾಜಿನ ಚೂರಿಗೆ ಸೀಳಿ, ರಕ್ತ ಮೊಳಕೈವರೆಗೆ ಇಳಿಯುತ್ತಿತ್ತು. ಅವಳಿಗೆ ಅದು ಗೊತ್ತಾಗಿರಲೇ ಇಲ್ಲ.

ಅವನು ಸುತ್ತ ನೋಡಿದ. ಟಿವಿಗೆ ಒಂದು ಏಟು. ಅಡುಗೆಮನೆಯ ಅಕ್ಕಿಡಬ್ಬಕ್ಕೆ ಒಂದು. ಆಮೇಲೆ ಮೂಲೆಯಲ್ಲಿದ್ದ ದೇವರ ಗೂಡಿನ ಮುಂದೆ ಬ್ಯಾಟು ಎತ್ತಿ ನಿಂತವನು ಹಾಗೇ ತಡೆದುಕೊಂಡ.

"ಇವು ನಿಮ್ಮವು. ನಾನು ಮುಟ್ಟಲ್ಲ. ಅದು ನಮ್ಮ ನೆಲದ್ದು, ನಮ್ಮ ನಾಚಿಕೆ. ಅದಕ್ಕೆ ನಾನು ಜವಾಬು ಹೇಳಬೇಕು."

ಮೇಲಿನ ಮನೆಯವರು ಇಣುಕಿ ಪೊಲೀಸಿಗೆ ಫೋನು ಮಾಡುತ್ತೇನೆಂದು ಕೂಗಿದರು. ಅವನು ಹೋದ. ಹೋಗುವಾಗ ಬೂಟಿನ ಗಾಜನ್ನು ಕಾಲೊರಸಿನ ಮೇಲೆ ಒರೆಸಿಕೊಂಡು ಹೋದ. ಇದನ್ನೂ ನಾನು ಬರೆದಿಟ್ಟಿದ್ದೇನೆ.

ಅವನು ಹುಡುಕಿಕೊಂಡು ಬಂದದ್ದು ನಡುಮನೆಯ ಕ್ಲೋಸೆಟ್ಟಿನ ಮೇಲಿನ ಹಲಗೆಯಲ್ಲಿ, ಸೂಟ್‌ಕೇಸುಗಳ ಹಿಂದೆ, ಒಂದು ತಗಡಿನ ಡಬ್ಬಿಯಲ್ಲಿತ್ತು. ಒಂದು ಮುಖ. ಎರಡು ಅಂಗೈ ಜೋಡಿಸಿದಷ್ಟು ಅಗಲ. ಸುಡದ ಮಣ್ಣಿನದು. ಕಣ್ಣು ಅರ್ಧ ಮುಚ್ಚಿತ್ತು, ಮೂಗಿನ ತುದಿ ಹೋಗಿತ್ತು, ಒಂದು ಕಿವಿ ಇರಲಿಲ್ಲ, ಕೆಳತುಟಿಯ ಸಂದಿಯಲ್ಲಿ ಮಾತ್ರ ಹಳೆಯ ಕೆಂಪು ಬಣ್ಣ ಉಳಿದಿತ್ತು. ಹಿಂಬದಿಯಲ್ಲಿ ಮಣ್ಣಿಗೆ ಕಲಸಿದ ಹುಲ್ಲಿನ ಎಸಳುಗಳು ಕಾಣುತ್ತಿದ್ದವು. ಸಾವಿರದೈನೂರು ವರ್ಷದ ಹಿಂದಿನ ಹುಲ್ಲು ಎಂದು ಕಾಕಾ ಹೇಳಿದ್ದರು.

ಕಾಕಾ ಎಂದರೆ ಅವರ ಭಾಷೆಯಲ್ಲೂ ಚಿಕ್ಕಪ್ಪನೇ. ವಯಸ್ಸು ಐವತ್ತರ ಮೇಲೆ. ಕಾಬೂಲಿನಿಂದ ಪೇಶಾವರಕ್ಕೆ, ಅಲ್ಲಿಂದ ತಂಗಿಯ ಜೊತೆ ಇಲ್ಲಿಗೆ ಬಂದವರು. ಎಲ್ ಕಮೀನೋ ರಸ್ತೆಯ ಡೋನಟ್ ಅಂಗಡಿಯಲ್ಲಿ ಬೆಳಗಿನ ಜಾವದಿಂದ ಕೆಲಸ. ಮಧ್ಯಾಹ್ನ ಉಳಿದ ಡೋನಟ್ಟುಗಳ ಗುಲಾಬಿ ಡಬ್ಬ ಹಿಡಿದು ನಮ್ಮ ಮನೆಗೆ ಬರುವರು. ಅಮ್ಮ ಪ್ರತಿ ಸಲವೂ ಅದನ್ನೇ ಕೇಳಿಸುವಳು.

"ಮೊಟ್ಟೆ ಹಾಕಿದಾರಾ ಕೇಳೇ."

"ಹಾಕಿದಾರಂತಮ್ಮ."

"ಹಾಗಾದ್ರೆ ನಿಮ್ಮಪ್ಪಂಗೆ ಎತ್ತಿಡು."

ಬದಲಿಗೆ ಅಮ್ಮ ಸಾರು ಅನ್ನ ಹಾಕುವಳು. ಕಾಕಾ ಎರಡು ತುತ್ತಿಗೆ ಕಣ್ಣು ಒರೆಸಿಕೊಳ್ಳುವರು. "ಬಹನ್, ಇದು ಊಟವೋ ಶಿಕ್ಷೆಯೋ?" ಎನ್ನುವರು. "ಮೂರು ಹೊತ್ತೂ ಕುರಿ ತಿನ್ನೋ ಗಂಡಸು, ನನ್ನ ಸಾರಿಗೆ ಅಳ್ತಾರೆ ನೋಡು" ಎಂದು ಅಮ್ಮ ನಗುವಳು. ನಮಾಜಿನ ಹೊತ್ತಾದರೆ ಕಾಕಾ ನಮ್ಮ ನಡುಮನೆಯಲ್ಲೇ ಟವೆಲು ಹಾಸಿಕೊಳ್ಳುವರು. ಅಷ್ಟು ಹೊತ್ತು ಅಮ್ಮ ಮಿಕ್ಸಿ ಹಾಕುತ್ತಿರಲಿಲ್ಲ.

ಆ ವರ್ಷ ಜನವರಿಯಲ್ಲಿ, ಜಾವಾದ್ವೀಪದ ದೊಡ್ಡ ಸ್ತೂಪದಲ್ಲಿ ಬಾಂಬುಗಳು ಸಿಡಿದವೆಂದು ಪತ್ರಿಕೆಯ ಒಳಪುಟದಲ್ಲಿ ಚಿಕ್ಕ ಸುದ್ದಿ ಬಂತು. ಕಾಕಾಗೆ ಇಂಗ್ಲಿಷು ಓದಲು ಬಾರದು. ಚಿತ್ರ ನೋಡಿ, ಓದಿ ಹೇಳು ಎಂದರು. ಓದಿದೆ. ಡೋನಟ್ ಡಬ್ಬದ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಎದ್ದು ಮನೆಗೆ ಹೋಗಿ, ಒಣ ಹಿಪ್ಪನೇರಳೆಯ ಡಬ್ಬಿ ತಂದು ನಮ್ಮ ಮೇಜಿನ ಮೇಲೆ ಬಿಚ್ಚಿದರು.

ಅವರೂ ಅವರ ಅಣ್ಣನೂ ಜಲಾಲಾಬಾದಿನ ಕಡೆಯ ಒಣಗುಡ್ಡಗಳ ನಡುವಿನ ಒಂದು ಹಳೆಯ ಬೌದ್ಧ ವಿಹಾರದ ಕಾವಲುಗಾರರು. ಅವರ ಅಪ್ಪನೂ ಅಲ್ಲಿಯೇ ಕಾದವರು. ಗೋಡೆಗಳ ತುಂಬ ಮಣ್ಣಿನ, ಗಾರೆಯ ಮೂರ್ತಿಗಳು. ಯುದ್ಧ ಬಂದ ಮೇಲೆ ಒಂದು ಬೆಳಿಗ್ಗೆ ಬಂದೂಕಿನವರ ಒಂದು ಗುಂಪು ಅಲ್ಲಿಗೆ ಬಂತು. ಅವರ ನಾಯಕನಿಗೆ ಇನ್ನೂ ಗಡ್ಡ ತುಂಬಿರಲಿಲ್ಲ. ವಿಗ್ರಹ ಪಾಪ, ಈ ನೆಲವನ್ನು ತೊಳೆಯಬೇಕು ಎಂದ. ಅಣ್ಣ ಬಾಗಿಲಿಗೆ ಅಡ್ಡ ನಿಂತು, "ಮಗನೇ, ಇವಕ್ಕೆ ಕೈ ಮುಗಿಯುವ ಒಬ್ಬನಾದರೂ ಈ ದೇಶದಲ್ಲಿ ಇದ್ದಾನೇನು? ಯಾರೂ ಬಾಗದ ಮೇಲೆ ಇದು ವಿಗ್ರಹ ಹೇಗಾಯಿತು? ಬರೀ ಮಣ್ಣು" ಎಂದರು.

"ನೀನು ಕಾಯುತ್ತಿದ್ದೀಯಲ್ಲ. ಕಾಯುವುದೂ ಪೂಜೆಯೇ" ಎಂದ ಆ ಹುಡುಗ. ಬಂದೂಕಿನ ಹಿಡಿಯಿಂದ ಮೊದಲು ಬಾಯಿಗೆ ಹೊಡೆದರು. ಅಣ್ಣ ಬಾಗಿಲು ಬಿಡಲಿಲ್ಲ. ಮಂಡಿಗೆ ಹೊಡೆದರು. ಕೂತರೂ ಹೊಸಿಲ ಮೇಲೆಯೇ ಕೂತರು. ಕೂತವರ ಎದೆಗೆ ಗುಂಡು ಹಾರಿಸಿ, ಹೆಣ ದಾಟಿಕೊಂಡು ಒಳಗೆ ಹೋದರು.

ಕಾಕಾರ ಕೈ ಹಿಂದಕ್ಕೆ ಕಟ್ಟಿ ಎಲ್ಲವನ್ನೂ ನೋಡಿಸಿದರಂತೆ. ದೊಡ್ಡವಕ್ಕೆ ಪಿಕಾಸಿ, ಸಾಲಾಗಿ ಕೂತ ಚಿಕ್ಕವಕ್ಕೆ ಬಂದೂಕು. ಮುಖಕ್ಕೆ ಮಾತ್ರ ಗುರಿ. ತಪ್ಪಿದವನನ್ನು ಉಳಿದವರು ಗೇಲಿ ಮಾಡುತ್ತಿದ್ದರು. ಪ್ರತಿ ಏಟಿಗೂ ದೇವರ ಹೆಸರು. "ಆ ಹೆಸರನ್ನ ನಾನೂ ದಿನಕ್ಕೆ ಐದು ಸಲ ಹೇಳ್ತೀನಿ, ಮಗಳೇ" ಎಂದರು ಕಾಕಾ. ಗಾರೆಯ ಮುಖಗಳು ಸದ್ದು ಮಾಡಿ ಒಡೆಯುತ್ತಿದ್ದವಂತೆ. ಮಣ್ಣಿನವು ಸದ್ದಿಲ್ಲದೆ ಪುಡಿಯಾಗಿ ಗೋಡೆಯಿಂದ ಹಿಟ್ಟಿನಂತೆ ಜಾರುತ್ತಿದ್ದವು. ಸಂಜೆಗೆ ಅಲ್ಲಿ ನಿಂತವರ ಹುಬ್ಬು, ಗಡ್ಡ ಎಲ್ಲ ಒಂದೇ ಬಣ್ಣವಾಗಿತ್ತು.

ನನಗೆ ಎಲ್ಲವನ್ನೂ ಲೆಕ್ಕದಲ್ಲಿ ಬರೆಯುವ ಅಭ್ಯಾಸ. ಒಂದು ಪುಟದಲ್ಲಿ ಗೆರೆ ಎಳೆದು, ಒಂದು ಕಡೆ ಒಡೆದವರು, ಇನ್ನೊಂದು ಕಡೆ ಎಷ್ಟು ಎಂದು ಬರೆದುಕೊಂಡೆ. ದೊಡ್ಡ ಮೂರ್ತಿಗಳನ್ನು ಕಾಕಾ ಬೆರಳು ಮಡಿಸಿ, ಒಂದೊಂದೂ ಯಾವ ಗೋಡೆಯಲ್ಲಿತ್ತೆಂದು ಹೇಳಿ ಎಣಿಸಿದರು: ಮೂವತ್ತೊಂದು. ಚಿಕ್ಕವನ್ನು ಎಣಿಸಿದವರಿಲ್ಲ. ಆಮೇಲೆ ನನ್ನ ಪುಟದ ಮೇಲೆ ಬೆರಳಿಟ್ಟರು.

"ಕೆಳಗೆ ನನ್ನದೂ ಬರಿ. ಒಂದು."

ಕತ್ತಲ ಮೂಲೆಯ ಗೂಡಿನಲ್ಲಿದ್ದ ಒಂದು ನಿಂತ ಮೂರ್ತಿ ಬಂದೂಕಿನವರ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ಮತ್ತೆ ಬರುತ್ತೇವೆಂದು ಹೇಳಿ ಹೋಗಿದ್ದರು. ಕಾಕಾ ಅಣ್ಣನನ್ನು ಹೂಳಿ ಬಂದು, ಬೇಲಿಯ ತಂತಿಯಿಂದ ಆ ಮೂರ್ತಿಯ ಮುಖವನ್ನು ಕೊಯ್ದು ತೆಗೆದರು. ಉಳಿದ ಕುತ್ತಿಗೆಗೆ ಹಸಿ ಮಣ್ಣು ಮೆತ್ತಿ, ಮೊದಲೇ ತಲೆಯಿಲ್ಲದ ಮೂರ್ತಿಯಂತೆ ಕಾಣುವ ಹಾಗೆ ಮಾಡಿದರು. ತಲೆಯಿಲ್ಲದ್ದನ್ನು ಯಾರೂ ಒಡೆಯಲಾರರು. "ಕುತ್ತಿಗೆ ಅಲ್ಲಿದೆ, ಮುಖ ಇಲ್ಲಿದೆ. ಯುದ್ಧ ಮುಗಿದ ಮೇಲೆ ಹೋಗಿ ಕೂರಿಸಬೇಕು. ಅಣ್ಣನ ಕೆಲಸ ಅಷ್ಟು ಬಾಕಿ ಇದೆ."

ಕೇಳುತ್ತಿದ್ದ ಅಮ್ಮ ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದಳು. ಅವಳಿಗೆ ಅರ್ಥವಾದ ಹಿಂದಿ ಎಷ್ಟೋ ಗೊತ್ತಿಲ್ಲ.

ಫೆಬ್ರವರಿಯಲ್ಲಿ ತಂಗಿಯ ಗಂಡ ಪೇಶಾವರದಿಂದ ಬಂದ. ಮೂವತ್ತರ ಹರೆಯ. ಬಹಳ ಮರ್ಯಾದೆಯವನು. ನಮ್ಮ ಗ್ರೋಸರಿ ಚೀಲಗಳನ್ನು ಕಾರಿನಿಂದ ಇಳಿಸಿಕೊಡುತ್ತಿದ್ದ, ಅಮ್ಮನನ್ನು ಖಾಲಾ ಎನ್ನುತ್ತಿದ್ದ. ಶುಕ್ರವಾರಗಳಂದು ಹೇವರ್ಡಿನ ಒಂದು ಮನೆಯಲ್ಲಿ ತಮ್ಮ ದೇಶದ ಹೋರಾಟಗಾರರಿಗೆ ನಿಧಿ ಎತ್ತುವ ಸಭೆಗೆ ಹೋಗುತ್ತಿದ್ದ. ಕಾಕಾರ ಅಣ್ಣನನ್ನು ಕೊಂದವರೂ ಅಂಥದೇ ಮಾತಿನವರು ಎಂಬುದು ಅವನಿಗೆ ತಿಳಿದಿತ್ತು. "ಅವನು ಕಲ್ಲುಮಣ್ಣಿಗೆ ಸತ್ತ. ಹುತಾತ್ಮನಲ್ಲ" ಎಂದು ಊಟದ ಮುಂದೆ ಹೇಳಿದನಂತೆ. ಡಬ್ಬಿಯನ್ನು ತೆರೆದು ನೋಡಿದ ದಿನ, ಈ ಮನೆಯಲ್ಲಿ ನನ್ನ ನಮಾಜು ಸಲ್ಲುವುದಿಲ್ಲ, ಇದು ಹೋಗಬೇಕು, ಇಲ್ಲ ನಾನೇ ಕಳಿಸುತ್ತೇನೆ ಎಂದ.

ಅಂದೇ ಕಾಕಾ ಡಬ್ಬಿ ಹಿಡಿದು ನಮ್ಮಲ್ಲಿಗೆ ಬಂದರು. "ಬಹನ್, ನಾನು ಬೇರೆ ರೂಮು ಹುಡುಕುವವರೆಗೆ. ಮೂರ್ತಿ ಇಡುವವರ ಮನೆಯಲ್ಲಿ ಮೂರ್ತಿಗೇನು ಭಯ?"

ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರು ಹೋದ ಮೇಲೆ ದೇವರ ಗೂಡಿನ ಹತ್ತಿರ ಒಯ್ದು, ತಿರುಗಿ ಬಂದಳು.

"ಅಲ್ಲಿಡಕ್ಕಾಗಲ್ಲ ಕಣೇ. ಭಿನ್ನ ಆಗಿದೆ."

"ಮ್ಯೂಸಿಯಮ್ಮಲ್ಲಿ ಎಲ್ಲಾ ಭಿನ್ನವಾಗಿರೋದೇ ಅಲ್ವೇನಮ್ಮ ಇಡೋದು?"

"ಮ್ಯೂಸಿಯಮ್ಮಲ್ಲಿ ಯಾರು ಸಂಸಾರ ಮಾಡ್ತಾರೆ?"

ಹಾಸನದ ಅವಳ ಅಜ್ಜಿಯ ಮನೆಯಲ್ಲಿ, ಕೃಷ್ಣನ ಕೊಳಲು ಹಿಡಿದ ಬೆರಳು ಮುರಿದ ದಿನವೇ, ಯಾರೂ ಊಟ ಮಾಡದೆ, ಆ ಕೃಷ್ಣನನ್ನು ಹೊಳೆಗೆ ಬಿಟ್ಟು ಬಂದಿದ್ದರಂತೆ. ಒಡೆದ ದೇವರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಗಾಯವಾದವರನ್ನು ಬಾಗಿಲಲ್ಲಿ ಕಾಯಿಸಿದ ಹಾಗೆ ಎಂದು ಅವಳು ನಂಬಿದ್ದಳು. ನೀರಿಗೆ ಬಿಟ್ಟರೆ ದೇವರಿಗೆ ಬಿಡುಗಡೆ. ನಾವು ಅಮೆರಿಕಾಗೆ ಬಂದ ಮೇಲೂ ಪ್ರತಿ ವರ್ಷ ಕ್ರಾಫ್ಟ್ ಅಂಗಡಿಯ ಜೇಡಿಯಲ್ಲಿ ಗಣೇಶನನ್ನು ಮಾಡಿ, ಬಕೆಟ್ಟಿನಲ್ಲಿ ಕರಗಿಸಿ, ಆ ನೀರನ್ನು ನಿಂಬೆಗಿಡಕ್ಕೆ ಹಾಕುತ್ತಿದ್ದವಳು. ಮಣ್ಣು ಕರಗುವುದನ್ನು ಅವಳು ಎಂದೂ ನಾಶವೆಂದು ನೋಡಿದವಳಲ್ಲ.

ಆದರೂ ಕ್ಲೋಸೆಟ್ಟಿನಲ್ಲಿಟ್ಟಳು. ಮಾತು ಕೊಟ್ಟಿದ್ದಳಲ್ಲ. ಆಮೇಲೆ ಅಪ್ಪನ ಕಾರಿಗೆ ಫ್ರೀವೇಯಲ್ಲಿ ಹಿಂದಿನಿಂದ ಒಂದು ಟ್ರಕ್ಕು ಗುದ್ದಿತು. ಅಪ್ಪನ ಕುತ್ತಿಗೆಗೆ ಪಟ್ಟಿ ಬಂತು. ಅಮ್ಮ ಕ್ಲೋಸೆಟ್ಟಿನ ಕಡೆ ನೋಡಿದಳು. ಮುಂದಿನ ವಾರ ಬ್ಯಾಟು.

ಆ ಶನಿವಾರ ಅಪ್ಪ ಬಂದು, ಗಾಜಿನ ಮೇಲೆ ಟಾರ್ಪಾಲು ಕಟ್ಟಿ, "ಪೊಲೀಸು ಗಿಲೀಸು ಏನೂ ಬೇಡ. ಗ್ರೀನ್‌ಕಾರ್ಡ್ ಇಂಟರ್‌ವ್ಯೂ ಇದೆ. ಅಪಾರ್ಟ್‌ಮೆಂಟ್ ಮ್ಯಾನೇಜರಿಗೆ ಹುಡುಗರ ಬಾಲು ಬಿತ್ತು ಅಂತ ಹೇಳೋಣ" ಎಂದರು. ಕಾಕಾ ಬಂದು, ಅಮ್ಮನ ಕೈಯ ಹೊಲಿಗೆ ನೋಡಿ, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. "ಮಂಗಳವಾರ ರೂಮು ಸಿಗುತ್ತದೆ. ಬಂದು ತೆಗೆದುಕೊಂಡು ಹೋಗುತ್ತೇನೆ. ಮೂರು ದಿನ, ಬಹನ್" ಎಂದರು. ಅಮ್ಮ ತಲೆಯಾಡಿಸಿದಳು.

ಸೋಮವಾರ ನಾನು ಕಾಲೇಜಿಗೆ, ಅಪ್ಪ ಕೆಲಸಕ್ಕೆ ಹೋದಾಗ, ಅಮ್ಮ ಹಳೆಯ ಡಾಟ್ಸನ್ ಕಾರನ್ನು ಒಬ್ಬಳೇ ಹೊರಗೆ ತೆಗೆದಳು. ಲೈಸೆನ್ಸು ಬಂದು ನಾಲ್ಕು ತಿಂಗಳಾಗಿತ್ತು, ಗ್ರೋಸರಿ ಅಂಗಡಿಗಿಂತ ಆಚೆ ಓಡಿಸಿದವಳಲ್ಲ. ಫ್ರೀವೇಯ ಮೇಲಿನ ಸೇತುವೆ ದಾಟಿ, ಪಾಲೋ ಆಲ್ಟೋದ ಆಚೆ ಕೊಲ್ಲಿಯ ಜೌಗಿನವರೆಗೆ ಹೋದಳು.

ಮಂಗಳವಾರ ನಾಲ್ಕು ಗಂಟೆಗೆ ಕಾಕಾ ಬಂದರು. ಹೊಸ ಶರಟು, ಕೈಯಲ್ಲಿ ಮುಖ ಸುತ್ತಲು ಹತ್ತಿ ತುಂಬಿದ ದಿಂಬಿನ ಚೀಲ. ಅಮ್ಮ ಕಾಫಿ ಕೊಟ್ಟು, ಎದುರು ಕೂತು, ನನಗೆ ಹೇಳಿದಳು: "ಹೇಳು ಅವರಿಗೆ. ಇನ್ನು ಯಾರೂ ಅದನ್ನ ಒಡೆಯಕ್ಕಾಗಲ್ಲ. ಅರಿಶಿನ ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಬಾಳೆಹಣ್ಣು ಇಟ್ಟು ನೀರಿಗೆ ಬಿಟ್ಟೆ. ಅವನ ಕೈಗೆ ಸಿಗಲಿಲ್ಲ ಅಂತ ಹೇಳು." ಅವಳ ಮುಖದಲ್ಲಿ ಭಾರ ಇಳಿಸಿದವರ ನೆಮ್ಮದಿ ಇತ್ತು. ಕಾಕಾ ಕೈ ಮುಗಿಯುತ್ತಾರೆಂದೇ ಕಾಯುತ್ತಿದ್ದಳು.

ನಾನು ಆ ವಾಕ್ಯವನ್ನು ಹಿಂದಿಯಲ್ಲಿ ಹೇಳಬೇಕಾಯಿತು. ಹೇಳಿದೆ. ಕಾಕಾ ನಕ್ಕರು, ತಮಾಷೆ ಎಂದುಕೊಂಡು. ಮತ್ತೆ ಹೇಳಿದೆ. ಗಾಜಿನ ಲೋಟ ಅವರ ಕೈಯಿಂದ ಬೀಳಲಿಲ್ಲ, ಅವರ ಮುಷ್ಟಿಯಲ್ಲೇ ಒಡೆಯಿತು. ಬಿಸಿ ಕಾಫಿ, ರಕ್ತ, ಗಾಜು ಎಲ್ಲ ಹೊಸ ಶರಟಿನ ಮೇಲೆ.

"ಎಲ್ಲಿ?"

ಆ ಒಂದೇ ಮಾತು ಅಮ್ಮನಿಗೆ ಅನುವಾದವಿಲ್ಲದೆ ಅರ್ಥವಾಯಿತು. ಅವಳ ನೆಮ್ಮದಿ ಹೋದದ್ದು ಆಗ.

ಮೂವರೂ ಡಾಟ್ಸನ್ನಿನಲ್ಲಿ ಹೋದೆವು. ಇಳಿತದ ಹೊತ್ತು. ನೀರು ಹಿಂದೆ ಸರಿದು ಕಪ್ಪು ಕೆಸರು ಹೊಳೆಯುತ್ತಿತ್ತು. ಅಮ್ಮ ತೋರಿಸಿದ ಜಾಗಕ್ಕೆ ಕಾಕಾ ಬೂಟು ಸಹಿತ ನುಗ್ಗಿದರು, ತೊಡೆಯವರೆಗೆ ಹೂತರು. ಎರಡೂ ಕೈಯಿಂದ ಕೆಸರನ್ನು ಬಗೆದು ಹಿಂದಕ್ಕೆ ಎಸೆಯತೊಡಗಿದರು. ಚಿಪ್ಪುಗಳಿಗೆ ಅವರ ಬೆರಳು ಸೀಳಿದವು. ನಾನೂ ಇಳಿದೆ. ಅಮ್ಮ ಸೀರೆಯಲ್ಲೇ ಇಳಿದಳು, ಹೊಲಿಗೆ ಹಾಕಿದ ಕೈಯನ್ನು ಕೆಸರಿಗೆ ಹಾಕಿದಳು. ಬಾಳೆಹಣ್ಣು ಸಿಕ್ಕಿತು. ಬಣ್ಣ ಬಿಟ್ಟ ಕುಂಕುಮದ ಪೊಟ್ಟಣ ಸಿಕ್ಕಿತು. ಕೊಲ್ಲಿಯ ಮಣ್ಣು ಎಲ್ಲ ಕಡೆಯೂ ಒಂದೇ ಥರ ಇತ್ತು. ಕತ್ತಲಾಗುವ ಮುಂಚೆ ಕಾಕಾ ಒಂದು ಮುಷ್ಟಿ ಕೆಸರಿನಲ್ಲಿ ಎರಡು ಹುಲ್ಲೆಸಳು ಕಂಡು ಮೂಸಿ ನೋಡಿದರು. ಜೌಗಿನ ಹುಲ್ಲೋ, ಅಲ್ಲಿಯದೋ, ತಿಳಿಯಲಿಲ್ಲ. ಅದನ್ನು ಕಾರಿನಲ್ಲಿದ್ದ ಕಬ್ಬಿಣದ ಬಕೆಟ್ಟಿಗೆ ಹಾಕಿಕೊಂಡರು.

ವಾಪಸು ಬಂದಾಗ ಪಾರ್ಕಿಂಗ್ ಲಾಟಿನಲ್ಲಿ ತಂಗಿಯ ಗಂಡ ನಿಂತಿದ್ದ. ಕಾಕಾರ ಮೈ, ನಮ್ಮ ಸೀರೆ ಪ್ಯಾಂಟು ನೋಡಿ ಅವರ ಭಾಷೆಯಲ್ಲಿ ಏನೋ ಕೇಳಿದ. ಕಾಕಾ ಮುಚ್ಚಿಡಲಿಲ್ಲ, ಎರಡು ಮಾತಿನಲ್ಲಿ ಹೇಳಿದರು. ಅವನು ಮೊದಲು ನಂಬಲಿಲ್ಲ. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಅಮ್ಮನ ಕಡೆ ತಿರುಗಿ, ಅವಳಿಗೂ ಗೊತ್ತಾಗಲೆಂದು ಹಿಂದಿಯಲ್ಲೇ ಹೇಳಿದ:

"ಶಾಬಾಶ್, ಖಾಲಾ. ನಾನು ಬರೀ ಗಾಜು ಒಡೆದೆ. ನೀವು ಕೆಲಸ ಮುಗಿಸಿದಿರಿ."

ಮತ್ತು ನಕ್ಕ.

ಕಾಕಾ ಬಕೆಟ್ಟನ್ನು ಹಿಡಿಯ ಸಮೇತ ಬೀಸಿದರು. ಅದರ ಅಂಚು ಅವನ ದವಡೆಗೆ ಬಿದ್ದ ಸದ್ದು, ಒದ್ದೆ ಕೊಂಬೆ ಮುರಿದಂಥದು. ಹಲ್ಲುಗಳು ಡಾಂಬರಿನ ಮೇಲೆ ಉದುರಿದವು. ಬಿದ್ದವನ ಮೇಲೆ ಕೂತು ಮತ್ತೆ ಬೀಸಿದರು, ಮುಖಕ್ಕೆ. ಮತ್ತೆ ಮುಖಕ್ಕೆ. ಮುಖಕ್ಕೆ ಮಾತ್ರ. ಅವನು ಕೆಳಗಿನಿಂದಲೇ ಕಾಕಾರ ಗಂಟಲು ಹಿಡಿದಿದ್ದ. ತಂಗಿ ಮೆಟ್ಟಿಲ ಮೇಲೆ ತಲೆ ಚಚ್ಚಿಕೊಂಡು ಕೂಗುತ್ತಿದ್ದಳು. ಅಮ್ಮ ಇಬ್ಬರ ನಡುವೆ ಬಿದ್ದು ಬಕೆಟ್ಟು ಹಿಡಿದುಕೊಂಡಳು. ಮೊಣಕೈ ತಾಗಿ ಅವಳ ಮೂಗಿನಿಂದ ರಕ್ತ ಚಿಮ್ಮಿತು, ಹೊಲಿಗೆ ಬಿಚ್ಚಿಕೊಂಡಿತು. ಬಿಡಲಿಲ್ಲ. "ಸಾಕು! ಸಾಯ್ತಾನೆ! ನನಗೆ ಹೊಡೀರಿ, ನಾನು ಮಾಡಿದ್ದು!" ಕನ್ನಡ ಯಾರಿಗೆ ಅರ್ಥವಾಗಬೇಕು? ಆದರೂ ಕಾಕಾ ನಿಂತರು. ಬಕೆಟ್ಟಿನ ಕೆಸರು ಅವನ ಮುಖದ ಮೇಲೆಲ್ಲ ಸುರಿದು, ಕಣ್ಣು ಮೂಗು ಗೊತ್ತಾಗುತ್ತಿರಲಿಲ್ಲ. ಕಾಕಾ ಆ ಮುಖವನ್ನು ನೋಡಿ ಕೈ ಕೆಳಗಿಟ್ಟರು.

ಪೊಲೀಸರು ಬಂದು ಕಾಕಾರ ಕೈಗೆ ಬೇಡಿ ಹಾಕಿದರು. ತಂಗಿಯ ಗಂಡ ಬದುಕಿದ. ದವಡೆಗೆ ತಂತಿ ಹಾಕಿದರು, ಒಂದು ಕಣ್ಣು ಹೋಯಿತು. ಕಾಕಾಗೆ ಜೈಲಾಯಿತು. ನ್ಯಾಯಾಲಯದಲ್ಲಿ ನಾನು ಸಾಕ್ಷಿ ಹೇಳಿದೆ, ಅಪ್ಪ ಬೇಡವೆಂದರೂ. ಜಗಳ ಯಾವುದಕ್ಕೆ ಎಂದು ವಕೀಲರು ಕೇಳಿದರು. ಮಣ್ಣಿಗೆ ಎಂದೆ. ಜಮೀನಿನ ವ್ಯಾಜ್ಯವೇ ಎಂದು ಅವರು ಮತ್ತೆ ಕೇಳಿದರು. ಅಮ್ಮ ಎರಡು ಸಲ ಜೈಲಿಗೆ ಭೇಟಿಗೆ ಹೋದಳು. ಕಾಕಾ ಭೇಟಿಯ ಕೋಣೆಗೆ ಬರಲಿಲ್ಲ. ಮೂರನೆಯ ಸಲ ಅಮ್ಮ ಹೋಗಲಿಲ್ಲ.

ಆ ವರ್ಷದ ಗಣೇಶನ ಹಬ್ಬಕ್ಕೆ ಅಮ್ಮ ಜೇಡಿ ತರಲಿಲ್ಲ. ಪಟಕ್ಕೆ ಪೂಜೆ ಮಾಡಿದಳು. ಸಂಜೆ ನಾನು ಬರೆಯುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು.

"ಆ ಲೆಕ್ಕದಲ್ಲಿ ನನ್ನ ಹೆಸ್ರು ಬರ್ದಿದೀಯಾ?"

ಸುಳ್ಳು ಹೇಳುವ ಹಾಗಿರಲಿಲ್ಲ. ಪುಟ ತೆಗೆದು ತೋರಿಸಿದೆ. ಬಂದೂಕಿನವರು, ಮೂವತ್ತೊಂದು, ಚಿಕ್ಕವು ಲೆಕ್ಕವಿಲ್ಲ. ಕಾಕಾ, ಒಂದು. ಅದರ ಕೆಳಗೆ: ಅಮ್ಮ, ಒಂದು, ಪೂಜೆ ಮಾಡಿ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಅವರೂ ದೇವರ ಹೆಸ್ರು ಹೇಳ್ಕೊಂಡೇ ಹೊಡೆದ್ರು ಅಂದಿದ್ರಲ್ಲ ಕಾಕಾ."

"ಹೂಂ."

"ಅವರ ಮುಂದೆ ಅದನ್ನ ಬರ್ದಿಲ್ಲ ನೀನು."

ನಾನು ಮೇಲಿನ ಸಾಲು ನೋಡಿದೆ. ಬರೆದಿರಲಿಲ್ಲ.

"ಹಾಗಾದ್ರೆ ಪೂಜೆ ಮಾಡಿ ಅನ್ನೋದನ್ನ ಹೊಡೆದಾಕು. ಒಂದು ಅಂತ ಅಷ್ಟೇ ಇರ್ಲಿ."

ಹೊಡೆದುಹಾಕಿದೆ. ಸರಿಯಾಗಿ ಹೊಡೆದೆನೋ ಇಲ್ಲವೋ ಎಂದು ಅವಳು ಬಗ್ಗಿ ನೋಡಿ, ಅನ್ನಕ್ಕಿಡಲು ಒಳಗೆ ಹೋದಳು.